ಕಡಲಾಚೆಯ ದುಡಿಮೆಗಾರನ ಮಾತಿಗೆ ಸುಂಕ ಕಟ್ಟುವವರು ಯಾರು?

ಹೊಟ್ಟೆಪಾಡಿಗಾಗಿ ಕಡಲು ದಾಟಿದವನಿಗೆ ಮನೆಯವರೊಡನೆ ಮಾತಾಡುವುದು ಶೋಕಿಯಲ್ಲ. ಅನ್ನ, ಬಟ್ಟೆ, ವಸತಿಗಳ ಸಾಲಿನಲ್ಲಿಯೇ ನಿಲ್ಲುವ ಅಗತ್ಯ ಅದು. ತಾಯಿಯ ಕಾಯಿಲೆ, ಮಗಳ ಶಾಲೆಯ ಫೀಸು, ಸಾಲ ಕೊಟ್ಟವನ ತಗಾದೆ, ಊರಿನ ಮಳೆ ಬೆಳೆ ಇವೆಲ್ಲವೂ ಅವನಿಗೆ ಮುಟ್ಟುವುದು ಫೋನಿನ ಮೂಲಕವೇ. ಅಂದಮೇಲೆ ಈ ಮಾತಿಗೆ ಬೆಲೆ ಕಟ್ಟುವವರು ಯಾರು, ಯಾವ ಲೆಕ್ಕದ ಮೇಲೆ ಕಟ್ಟುತ್ತಾರೆ ಎಂದು ಕೇಳುವ ಹಕ್ಕು ದುಡಿಯುವವರಿಗೆ ಉಂಟು.

ಇದು ಕರಾವಳಿಯವರ ಪ್ರಶ್ನೆ ಮಾತ್ರವಲ್ಲ. ಭಟ್ಕಳ, ಉಡುಪಿ, ಮಂಗಳೂರುಗಳಿಂದ ಕೊಲ್ಲಿ ದೇಶಗಳಿಗೆ ಹೋಗುವುದು ಹಳೆಯ ಮಾತು. ಈಚೆಗೆ ಗಿರಣಿಗಳು ಮುಚ್ಚಿದ ಒಳನಾಡಿನ ಊರುಗಳಿಂದಲೂ ಮಕ್ಕಳು ಹೋಗುತ್ತಿದ್ದಾರೆ. ಅಪ್ಪ ಮಗ್ಗದ ಮುಂದೆ ನಿಂತಿದ್ದರೆ ಮಗ ದುಬೈಯಲ್ಲಿ ಕಟ್ಟಡದ ಸಾರುವೆಯ ಮೇಲೆ ನಿಂತಿದ್ದಾನೆ. ಅರಬ್ ಎಮಿರೇಟ್ಸ್ ಒಂದರಲ್ಲಿಯೇ ೩೫ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ.

ದೂರದ ಮಾತು ದುಬಾರಿ ಎಂಬುದು ಒಂದು ಕಾಲಕ್ಕೆ ನಿಜವೇ ಆಗಿತ್ತು. ೧೯೫೬ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ದೂರವಾಣಿ ಕೇಬಲ್ ಹಾಸಿದಾಗ ಅದರಲ್ಲಿ ಏಕಕಾಲಕ್ಕೆ ಮೂವತ್ತಾರು ಸಂಭಾಷಣೆಗಳಿಗೆ ಮಾತ್ರ ಎಡೆಯಿತ್ತು. ಮೂರು ನಿಮಿಷಕ್ಕೆ ಹನ್ನೆರಡು ಡಾಲರ್ ಕೊಡಬೇಕಿತ್ತು. ಎಡೆ ಕಡಿಮೆ, ಕೇಳುವವರು ಹೆಚ್ಚು, ಬೆಲೆ ಏರಿತು. ಆ ದಿನಗಳ ಬಿಸಿ ನಮ್ಮವರಿಗೂ ತಟ್ಟಿದೆ. ಹಿಂದೆ ಕೊಲ್ಲಿಗೆ ಹೋದವರು ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರು. ಇತ್ತ ಮನೆಯವರು ಹಳದಿ ಬೋರ್ಡಿನ ಎಸ್‌ಟಿಡಿ ಬೂತಿನಲ್ಲಿ ಮೀಟರಿನ ಕೆಂಪು ಅಂಕಿಯ ಮೇಲೆ ಕಣ್ಣಿಟ್ಟು ಅರ್ಧ ಮಾತು ನುಂಗುತ್ತಿದ್ದರು.

ಇಂದು ಆ ಕಾರಣ ಉಳಿದಿಲ್ಲ. ಗಾಜಿನ ಎಳೆಯ ಕೇಬಲ್ಲುಗಳಲ್ಲಿ ಲಕ್ಷಾಂತರ ಮಾತುಗಳು ಒಟ್ಟಿಗೆ ಹರಿಯುತ್ತವೆ. ವಿದೇಶದಿಂದ ಬಂದ ಕರೆಯನ್ನು ನಮ್ಮ ಊರಿನ ಫೋನಿಗೆ ಮುಟ್ಟಿಸಲು ಇಲ್ಲಿಯ ಕಂಪನಿಗೆ ಒಂದು ಶುಲ್ಕ ಸಲ್ಲುತ್ತದೆ. ಟ್ರಾಯ್ ಸಂಸ್ಥೆ ಅದನ್ನು ೨೦೧೮ರ ಫೆಬ್ರವರಿಯಿಂದ ನಿಮಿಷಕ್ಕೆ ೩೦ ಪೈಸೆಗೆ ಇಳಿಸಿತು. ೨೦೨೦ರ ಮೇ ತಿಂಗಳಿಂದ ೩೫ರಿಂದ ೬೫ ಪೈಸೆಯೊಳಗೆ ಇರಬೇಕೆಂದು ಗೊತ್ತುಪಡಿಸಿತು. ಅಂದರೆ ಈಚೆಯ ದಡದ ಖರ್ಚು ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ. ಆಚೆಯ ದಡದಲ್ಲಿ ಮಾಮೂಲು ಕರೆ ಮಾಡುವವನಿಂದ ಇದರ ಹಲವು ಪಟ್ಟು ವಸೂಲಾಗುತ್ತದೆ. ನಡುವಣ ಹಣ ಸಮುದ್ರದಲ್ಲಿ ಕರಗಿತೇ?

ಎಮಿರೇಟ್ಸಿನ ಉದಾಹರಣೆ ನೋಡಿ. ಅಲ್ಲಿ ದೂರಸಂಪರ್ಕ ಎರಡೇ ಕಂಪನಿಗಳ ಕೈಯಲ್ಲಿದೆ. ದೊಡ್ಡದರಲ್ಲಿ ಶೇಕಡಾ ಅರವತ್ತು ಪಾಲು ಸರ್ಕಾರದ್ದು. ವಾಟ್ಸಾಪಿನಲ್ಲಿ ಬರೆದ ಸಂದೇಶ ಹೋಗುತ್ತದೆ, ದಾಖಲಿಸಿದ ಧ್ವನಿಯೂ ಹೋಗುತ್ತದೆ. ನೇರ ಕರೆಗೆ ಮಾತ್ರ ವರ್ಷಾನುಗಟ್ಟಲೆ ತಡೆ. ೨೦೧೭ರ ಕೊನೆಯಲ್ಲಿ ಸ್ಕೈಪ್ ಕರೆಯೂ ನಿಂತಿತು. ಮರು ತಿಂಗಳೇ, ೨೦೧೮ರ ಜನವರಿಯಲ್ಲಿ, ಅನುಮತಿ ಪಡೆದ ಬೋಟಿಮ್ ಮುಂತಾದ ಆ್ಯಪುಗಳಲ್ಲಿ ಮಾತಾಡಲು ಅಲ್ಲಿಯ ದೊಡ್ಡ ಕಂಪನಿ ತಿಂಗಳಿಗೆ ೫೦ ದಿರ್ಹಂ ಗೊತ್ತುಮಾಡಿತು. ತಿಂಗಳಿಗೆ ಸಾವಿರ ದಿರ್ಹಂ ಸಂಬಳದ ಕೂಲಿಯವನಿಗೆ ಇದು ಇಪ್ಪತ್ತರಲ್ಲಿ ಒಂದು ಪಾಲು. ಅನುಮತಿಯ ಪಟ್ಟಿ ಆಮೇಲೆ ಉದ್ದವಾಯಿತು ನಿಜ. ಆದರೆ ಊರಿನಲ್ಲಿ ಅವ್ವ ಬಲ್ಲ ಒಂದೇ ಆ್ಯಪು ಬಿಟ್ಟು ಬೇರೆಯದನ್ನು ಅವಳ ಫೋನಿಗೆ ಹಾಕಿಸಿ ಕಲಿಸಬೇಕಾದ ಪಾಡು ತಪ್ಪಲಿಲ್ಲ.

ಕಳ್ಳದಾರಿ ಹಿಡಿದರಾಯಿತು ಎನ್ನುವವರಿದ್ದಾರೆ. ಅಂಥ ಮಾತಿಗೆ ಕಿವಿಗೊಡಬೇಡಿ. ನೆಟ್‌ವರ್ಕ್ ವಿಳಾಸ ಮರೆಮಾಚಿ ಅಪರಾಧವೆನಿಸುವ ಕೆಲಸ ಮಾಡಿದರೆ ಅಲ್ಲಿಯ ೨೦೨೧ರ ಕಾನೂನಿನಲ್ಲಿ ೫ ಲಕ್ಷದಿಂದ ೨೦ ಲಕ್ಷ ದಿರ್ಹಂವರೆಗೆ ದಂಡವಿದೆ. ಜೀವಮಾನವೆಲ್ಲ ಗೈದರೂ ಕೂಲಿಕಾರ ತೀರಿಸಲಾರದ ಮೊತ್ತ ಅದು.

ದೇಶದ ಭದ್ರತೆಗಾಗಿ ಈ ಕಟ್ಟುಪಾಡು ಎಂಬ ಸಮರ್ಥನೆಯುಂಟು. ಹಾಗಾದರೆ ೨೦೨೦ರ ಮಾರ್ಚಿಯಲ್ಲಿ, ಕೊರೊನಾ ಕಾಲದಲ್ಲಿ, ಕಚೇರಿ ಮತ್ತು ಶಾಲೆಗಳಿಗಾಗಿ ಝೂಮ್, ಟೀಮ್ಸ್ ಮೊದಲಾದವನ್ನು ಅದೇ ಸರ್ಕಾರ ತೆರೆದದ್ದು ಹೇಗೆ? ಕಚೇರಿಯ ಮಾತಿಗೆ ಬಾಗಿಲು ತೆರೆಯಬಹುದಾದರೆ ತಾಯಿ ಮಕ್ಕಳ ಮಾತಿಗೂ ತೆರೆಯಬಹುದು. ಕಂಪನಿಗೆ ನಷ್ಟವಾಗುತ್ತದೆ ಎಂಬುದು ಇನ್ನೊಂದು ವಾದ. ಇಂಟರ್ನೆಟ್ಟಿಗೆ ಕೂಲಿಕಾರ ಈಗಾಗಲೇ ಹಣ ತೆತ್ತಿದ್ದಾನೆ. ಅದರ ಮೂಲಕ ಹರಿಯುವ ಮಾತಿಗೆ ಮತ್ತೊಮ್ಮೆ ತೆರಿಸುವುದು ಒಂದೇ ಮೂಟೆಗೆ ಎರಡು ಸಲ ಸುಂಕ ಎತ್ತಿದಂತೆ. ಸುಂಕದ ಕಟ್ಟೆಯ ರುಚಿ ಬಲ್ಲ ಸಣ್ಣ ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರದ ಒಡೆತನ ಇದ್ದಮಾತ್ರಕ್ಕೆ ಅದು ಜನರ ಒಡೆತನ ಆಗಿಬಿಡುವುದಿಲ್ಲ ಎಂಬುದಕ್ಕೂ ಇದೇ ಸಾಕ್ಷಿ.

ಆಡಳಿತದವರು ಮನಸ್ಸು ಮಾಡಿದ ಕಡೆ ಬಾಗಿಲು ತೆರೆದಿದೆ. ನಮ್ಮಲ್ಲಿಯೇ ೨೦೦೨ರ ಏಪ್ರಿಲಿನಲ್ಲಿ ವಿದೇಶ ಕರೆಗಳ ಮೇಲಿನ ವಿಎಸ್‌ಎನ್‌ಎಲ್ ಏಕಸ್ವಾಮ್ಯ ಮುಗಿದು ದರ ಬಿತ್ತು. ಸೌದಿ ಅರೇಬಿಯ ೨೦೧೭ರ ಸೆಪ್ಟೆಂಬರಿನಲ್ಲಿ ಇಂಟರ್ನೆಟ್ ಕರೆಗಳ ಮೇಲಿನ ತಡೆ ತೆಗೆಯಿತು. ಯೂರೋಪಿನ ಒಕ್ಕೂಟದಲ್ಲಿ ೨೦೧೭ರ ಜೂನ್ ೧೫ರಿಂದ, ಒಂದು ದೇಶದ ಸಿಮ್ ಹಿಡಿದು ಇನ್ನೊಂದು ದೇಶಕ್ಕೆ ಹೋದವನು ತನ್ನ ಊರಿನ ದರದಲ್ಲಿಯೇ ಮಾತಾಡಬಲ್ಲ. ಕಂಪನಿಗಳು ಮನ ಕರಗಿ ಕೊಟ್ಟ ದಾನವಲ್ಲ ಅದು, ಕಾನೂನು ಕೊಡಿಸಿದ್ದು.

ಸರಕಿಗಾಗಿ ಚೀಣಾಕ್ಕೆ ಹೋಗುವ ಸಣ್ಣ ವ್ಯಾಪಾರಿಯ ಪಾಡು ಇನ್ನೊಂದು ಬಗೆ. ಅಲ್ಲಿ ವಾಟ್ಸಾಪಿಗೆ ತಡೆ. ಅಲ್ಲಿಯವರೆಲ್ಲ ಬಳಸುವ ವಿಚಾಟನ್ನು ೨೦೨೦ರ ಜೂನ್ ೨೯ರಂದು ನಮ್ಮ ಸರ್ಕಾರವೇ ನಿಷೇಧಿಸಿತು. ಎರಡು ಸರ್ಕಾರಗಳ ಜಗಳದಲ್ಲಿ ಮಾತು ಕಳೆದುಕೊಂಡವನು ಗುವಾಂಗ್‌ಝೌ ಸಂತೆಯಲ್ಲಿ ನಿಂತು ಅಂಗಡಿಯಲ್ಲಿರುವ ತಮ್ಮನಿಗೆ ಸರಕಿನ ದರ ಹೇಳಲಾರದೆ ಪರದಾಡುತ್ತಾನೆ. ಭಾರತದ ಸಿಮ್ಮನ್ನೇ ರೋಮಿಂಗಿನಲ್ಲಿ ಇಟ್ಟುಕೊಂಡರೆ ಇಂಟರ್ನೆಟ್ ನಮ್ಮ ದೇಶದ ಮೂಲಕ ಹಾದುಬರುವುದರಿಂದ ವಾಟ್ಸಾಪ್ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಅದಕ್ಕೆ ರೋಮಿಂಗಿನ ದರ ತೆರಬೇಕು.

ನ್ಯಾಯ ಸಿಗುವತನಕ ಕೈಕಟ್ಟಿ ಕೂಡಬೇಕಾಗಿಲ್ಲ. ವಿಮಾನ ಹತ್ತುವ ಮುಂಚೆ ರೋಮಿಂಗ್ ಪ್ಯಾಕಿನ ದರ ವಿಚಾರಿಸಿ; ಪ್ಯಾಕ್ ಕೊಳ್ಳದಿದ್ದರೆ ಡೇಟಾ ರೋಮಿಂಗನ್ನು ನಿಲ್ಲಿಸಿ. ಹೊರದೇಶದಲ್ಲಿ ಬರುವ ಕರೆಗೂ ಹಣ ಕಡಿಯುತ್ತದೆ ಎಂಬುದು ನೆನಪಿರಲಿ. ಹೆಚ್ಚು ದಿನ ನಿಲ್ಲುವವರು ಅಲ್ಲಿಯ ಸಿಮ್ ಕೊಳ್ಳುವುದು ಲೇಸು. ಬ್ಯಾಂಕಿನ ಓಟಿಪಿಗಾಗಿ ಊರಿನ ಸಿಮ್ ಜೀವಂತವಾಗಿರಲಿ. ಎಮಿರೇಟ್ಸಿಗೆ ಹೋಗುವವರು ಅಲ್ಲಿ ಅನುಮತಿಯಿರುವ ಆ್ಯಪನ್ನು ಮನೆಯವರ ಫೋನಿಗೆ ಹೊರಡುವ ಮೊದಲೇ ಹಾಕಿಸಿ, ಬಳಸುವುದನ್ನು ಕಲಿಸಿ.

ಇವೆಲ್ಲ ಬಿಸಿಲಿಗೆ ಕೊಡೆ ಹಿಡಿಯುವ ಉಪಾಯ. ನಿಜವಾದ ಪರಿಹಾರ ದಿಲ್ಲಿಯಲ್ಲಿದೆ. ೨೦೨೨ರ ಫೆಬ್ರವರಿಯಲ್ಲಿ ಭಾರತ ಸರ್ಕಾರ ಎಮಿರೇಟ್ಸಿನೊಡನೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಮೇ ೧ರಂದು, ಕಾರ್ಮಿಕರ ದಿನದಂದೇ, ಅದು ಜಾರಿಗೆ ಬಂದಿತು. ಅದರಲ್ಲಿ ಅಲ್ಲಿಂದ ಬರುವ ಚಿನ್ನಕ್ಕೆ ಸುಂಕದ ರಿಯಾಯಿತಿ ಇದೆ. ಚಿನ್ನದ ಪರವಾಗಿ ಕುಳಿತು ಚೌಕಾಸಿ ಮಾಡಬಲ್ಲ ಸರ್ಕಾರ ಕೂಲಿಕಾರನ ಮಾತಿನ ಪರವಾಗಿ ಏಕೆ ಮಾಡಬಾರದು? ೨೦೨೨ರಲ್ಲಿ ಹೊರನಾಡಿನ ಭಾರತೀಯರು ಊರಿಗೆ ಕಳಿಸಿದ ಹಣ ಹತ್ತು ಸಾವಿರ ಕೋಟಿ ಡಾಲರನ್ನು ಮೀರಿತು. ಆ ಹಣ ಬೇಕು, ಹಣ ಕಳಿಸಿದವನ ಧ್ವನಿ ಬೇಡವೇ?

ನಮ್ಮ ಬೇಡಿಕೆಗಳು ಮೂರು. ಒಂದು, ಕಾರ್ಮಿಕರನ್ನು ಕಳಿಸುವ ಪ್ರತಿಯೊಂದು ಒಪ್ಪಂದದಲ್ಲಿಯೂ ಮನೆಗೆ ಕರೆ ಮಾಡುವ ಸೌಕರ್ಯ ಷರತ್ತಾಗಿ ಬರಬೇಕು. ಎರಡು, ಕೂಲಿಕಾರರ ಶಿಬಿರಗಳಲ್ಲಿ ಮಾಲೀಕರ ಖರ್ಚಿನಲ್ಲಿ ವೈಫೈ ಇರಬೇಕು. ಮೂರು, ಭಾರತದ ಕಂಪನಿಗಳ ರೋಮಿಂಗ್ ದರಕ್ಕೆ ಟ್ರಾಯ್ ಗರಿಷ್ಠ ಮಿತಿ ಹಾಕಬೇಕು. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಕೂಡಿ ಠರಾವು ಮಾಡಿ ನಮ್ಮ ಲೋಕಸಭಾ ಸದಸ್ಯರ ಕೈಗೆ ಕೊಡಲಿ, ಅದನ್ನು ಸಂಸತ್ತಿನಲ್ಲಿ ಎತ್ತಿದರೋ ಇಲ್ಲವೋ ಎಂದು ಬೆನ್ನು ಹತ್ತಿ ಕೇಳಲಿ.