ಗಡಿ ದಾಟುವಾಗ ಕಳೆದುಹೋದವರ ಲೆಕ್ಕ ಕೊಡಿ

‘ಸೈರಾಟ್’ ಚಿತ್ರದಲ್ಲಿ ಒಂದು ತರಗತಿಯ ದೃಶ್ಯವಿದೆ. ಕಾಲೇಜಿಗೆ ಹೊಸದಾಗಿ ಬಂದ ಮೇಷ್ಟ್ರು ಲೋಖಂಡೆ ಕವಿತೆಯ ಪಾಠ ಮಾಡುತ್ತಿದ್ದಾರೆ. ಊರಿನ ಪಾಟೀಲನ ಮಗ ಪ್ರಿನ್ಸ್ ತರಗತಿಯಲ್ಲೇ ಫೋನ್ ಹಿಡಿದು ಮಾತಾಡುತ್ತಾನೆ. ಯಾರಪ್ಪ ನೀನು ಎಂದು ಕೇಳಿದ್ದಕ್ಕೆ ಎಲ್ಲರ ಎದುರೇ ಮೇಷ್ಟ್ರ ಕೆನ್ನೆಗೆ ಬಾರಿಸುತ್ತಾನೆ. ಕಥೆಯ ಓಟಕ್ಕೆ ಈ ದೃಶ್ಯ ಬೇಕೇ ಬೇಕು ಎಂದೇನಿಲ್ಲ. ಇದನ್ನು ಕತ್ತರಿಸಿ ಹಾಕಿದರೂ ನಾಯಕಿ ಆರ್ಚಿ, ನಾಯಕ ಪರ್ಶ್ಯಾ ಪ್ರೀತಿಸುತ್ತಾರೆ, ಓಡಿಹೋಗುತ್ತಾರೆ, ಹೈದರಾಬಾದಿನಲ್ಲಿ ಸಂಸಾರ ಹೂಡುತ್ತಾರೆ. ಆದರೆ ಆ ಒಂದು ಏಟಿನಲ್ಲಿ ನಿರ್ದೇಶಕ ನಾಗರಾಜ್ ಮಂಜುಳೆ ಇಡೀ ಊರಿನ ಯಜಮಾನಿಕೆಯನ್ನು ಬಿಚ್ಚಿಡುತ್ತಾರೆ. ಇಲ್ಲಿ ಯಾರ ಕೈ ಯಾರ ಕೆನ್ನೆಗೆ ಎಟುಕುತ್ತದೆ, ಏಟು ತಿಂದವನು ಯಾರ ಮನೆ ಬಾಗಿಲಿಗೆ ಹೋಗಿ ದೂರಬೇಕು, ಮೀನು ಹಿಡಿದು ಬದುಕುವವರ ಮನೆಯ ಹುಡುಗ ಪಾಟೀಲನ ಮಗಳ ಮೇಲೆ ಮನಸ್ಸಿಟ್ಟರೆ ಕೊನೆಗೆ ಏನಾಗುತ್ತದೆ, ಎಲ್ಲವೂ ಅಲ್ಲೇ ಇದೆ.

2016ರ ಈ ಮರಾಠಿ ಚಿತ್ರ 2018ರಲ್ಲಿ ಹಿಂದಿಯ ‘ಧಡಕ್’ ಆಯಿತು. ಊರು ಉದಯಪುರಕ್ಕೆ ಹೋಯಿತು, ಹುಡುಗನ ಅಪ್ಪ ಹೋಟೆಲು ನಡೆಸುವವನಾದ, ಜಾತಿ ಒಂದೆರಡು ಮಾತಿನಲ್ಲಿ ತಲೆ ಹಾಕಿ ಜಾರಿಕೊಂಡಿತು. ಮೂಲದಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಅವಳ ಮನೆಯವರೇ ಕೊಲ್ಲುತ್ತಾರೆ. ಹಿಂದಿಯಲ್ಲಿ ಹುಡುಗ ಮತ್ತು ಮಗು ಸಾಯುತ್ತಾರೆ, ಹುಡುಗಿ ಉಳಿಯುತ್ತಾಳೆ. ಇದು ಸಣ್ಣ ಬದಲಾವಣೆಯಲ್ಲ, ಮತ್ತು ಹಲವು ವಿಮರ್ಶಕರು ಆಗ ಅದನ್ನು ಎತ್ತಿ ಹೇಳಿದರು. ಸರಿ. ಆದರೆ ‘ಧಡಕ್’ಗೆ ಒಂದು ವರ್ಷ ಮುಂಚೆಯೇ ಎಸ್. ನಾರಾಯಣ್ ‘ಸೈರಾಟ್’ ನಾಯಕಿ ರಿಂಕು ರಾಜಗುರುವನ್ನೇ ಕರೆತಂದು ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಮಾಡಿದ್ದರಲ್ಲ? ನಾಯಕಿ ಅವಳೇ, ಅಜಯ್-ಅತುಲ್ ಹಾಡುಗಳೂ ಅವೇ ಎನ್ನುವಲ್ಲಿಗೆ ನಮ್ಮ ಬಹುಪಾಲು ಹೋಲಿಕೆ ಮುಗಿದುಹೋಯಿತು. ಕರ್ನಾಟಕಕ್ಕೆ ಬಂದಾಗ ಆ ಪಾಟೀಲ ಯಾರಾದ, ಪರ್ಶ್ಯಾ ಯಾವ ಕೇರಿಯವನಾದ, ಆ ಏಟು ಯಾರ ಕೆನ್ನೆಗೆ ಬಿತ್ತು ಎಂಬ ಮೂರು ಪ್ರಶ್ನೆ ಇಟ್ಟುಕೊಂಡು ಒಂದು ಪುಟ ಬರೆಯಬೇಕಿತ್ತು. ಮರ್ಯಾದೆಗೇಡು ಹತ್ಯೆಯ ಸುದ್ದಿ ನಮ್ಮದೇ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಬರುತ್ತದೆ. ಅದೇ ಪತ್ರಿಕೆಯ ಸಿನಿಮಾ ಪುಟಕ್ಕೆ ಮಾತ್ರ ಅದು ಸಂಬಂಧವೇ ಇಲ್ಲದ ವಿಷಯ.

ವಿಮರ್ಶೆ ಬರೆಯುವ ಮಿತ್ರರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ರೀಮೇಕ್ ಬಂದ ಶುಕ್ರವಾರ ನಾವು ಏನು ಬರೆಯುತ್ತೇವೆ? ‘ಮೂಲಕ್ಕೆ ನಿಷ್ಠವಾಗಿದೆ’, ಅಥವಾ ‘ನಮ್ಮ ನೇಟಿವಿಟಿಗೆ ತಕ್ಕಂತೆ ಬದಲಾಯಿಸಿಕೊಂಡಿದ್ದಾರೆ’. ಹಾಡು ಪರವಾಗಿಲ್ಲ, ದ್ವಿತೀಯಾರ್ಧ ಎಳೆದಂತಿದೆ, ಛಾಯಾಗ್ರಹಣ ಚೆನ್ನಾಗಿದೆ, ಮೂರು ಸ್ಟಾರ್. ಆ ನೇಟಿವಿಟಿಯ ಹೆಸರಿನಲ್ಲಿ ಯಾರನ್ನು ಒಳಗೆ ಬಿಟ್ಟರು, ಯಾರನ್ನು ಹೊರಗೆ ನಿಲ್ಲಿಸಿದರು ಎಂದು ನೋಡುವುದೇ ನಮ್ಮ ಕೆಲಸವಾಗಿತ್ತು. ಒಂದು ಕಥೆ ಭಾಷೆಯ ಗಡಿ ದಾಟುವಾಗ ಮೊದಲು ಕೈಬಿಡುವುದು ಯಾರಿಗೂ ಇರುಸುಮುರುಸು ಆಗಬಾರದು ಎಂಬ ಲೆಕ್ಕದಲ್ಲಿ ಭಾರವಾಗಿ ಕಂಡವರನ್ನು. ಕೆಳಜಾತಿಯವನು, ಆದಿವಾಸಿ ಹೆಂಗಸು, ಮುಟ್ಟಾದ ಹೆಂಡತಿ, ಮತ್ತು ಆ ಕಥೆ ಬರೆದವನು.

ನಾನು ರೀಮೇಕ್ ವಿರೋಧಿಯಲ್ಲ. ಸ್ವಮೇಕ್ ಎಂಬ ಒಂದೇ ಕಾರಣಕ್ಕೆ ಎರಡು ಸ್ಟಾರ್ ಹೆಚ್ಚು ಕೊಡುವವರ ಜೊತೆಗೂ ನಾನಿಲ್ಲ. ಬೇರೆಯವರ ಕಥೆಯನ್ನು ತನ್ನದಾಗಿಸಿಕೊಂಡು ಹೇಳುವುದು ಕನ್ನಡಕ್ಕೆ ಸಾವಿರ ವರ್ಷದ ರೂಢಿ. ಪಂಪ ವ್ಯಾಸರ ಕಥೆಯನ್ನು ತಂದ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ, ಕೊನೆಗೆ ಪಟ್ಟದ ಮೇಲೆ ಸುಭದ್ರೆಯನ್ನು ಕೂರಿಸಿದ. ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಲು ಹೊರಟವನಿಗೆ ಐವರ ಹೆಂಡತಿ ತೊಡಕಾದಳೇ ಎಂದು ನಮ್ಮ ವಿದ್ವಾಂಸರು ತಲೆಮಾರುಗಟ್ಟಲೆ ವಾದಿಸಿದ್ದಾರೆ. ಬಿ.ಎಂ.ಶ್ರೀ. ಸೋಫೋಕ್ಲಿಸನ ‘ಏಜಾಕ್ಸ್’ ಅನ್ನು ‘ಅಶ್ವತ್ಥಾಮನ್’ ಮಾಡಿದರು. ಏನು ಉಳಿಯಿತು, ಏನು ಬದಲಾಯಿತು ಎಂದು ಬಿ.ಎ. ವಿದ್ಯಾರ್ಥಿಗಳಿಗೆ ಪ್ರಶ್ನೆ ಕೊಟ್ಟು ಬರೆಸಿದವರು ನಾವು. ಮಹಾಕವಿಗೆ ಕೇಳಿದ ಪ್ರಶ್ನೆಯನ್ನು ಗಾಂಧಿನಗರಕ್ಕೆ ಕೇಳಲು ನಮಗೇಕೆ ಸಂಕೋಚ?

ಅದರಲ್ಲೂ ಕನ್ನಡದಲ್ಲಿ ಈ ಹೊಣೆ ಬೇರೆ ಕಡೆಗಿಂತ ಹೆಚ್ಚಿತ್ತು. ಅರವತ್ತರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ದಶಕಗಳ ಕಾಲ ಇಲ್ಲಿ ಡಬ್ ಆದ ಚಿತ್ರಗಳಿಗೆ ಬಾಗಿಲು ಮುಚ್ಚಿತ್ತು. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಡುವವರೆಗೂ ಆ ಅಘೋಷಿತ ನಿಷೇಧ ಗಟ್ಟಿಯಾಗಿಯೇ ನಿಂತಿತ್ತು. ಚಳವಳಿಗೆ ಅದರದೇ ನ್ಯಾಯವಿತ್ತು, ಅದರ ತಗಾದೆ ಈಗ ಬೇಡ. ಆದರೆ ಪರಿಣಾಮ ನೋಡಿ: ಕನ್ನಡ ಒಂದೇ ಬಲ್ಲ ಪ್ರೇಕ್ಷಕನಿಗೆ ಮಲಯಾಳದ, ಮರಾಠಿಯ ಕಥೆ ಸಿಗುತ್ತಿದ್ದದ್ದು ರೀಮೇಕಿನಲ್ಲಿ ಮಾತ್ರ. ಮೂಲವನ್ನೂ ನೋಡಿ ಬಂದು ಹೀಗಿತ್ತು, ಹೀಗಾಯಿತು ಎಂದು ಹೇಳಬಲ್ಲವನು ವಿಮರ್ಶಕನೊಬ್ಬನೇ. ಅವನು ಬಾಯಿ ಮುಚ್ಚಿಕೊಂಡರೆ ಕಳೆದುಹೋದದ್ದು ಒಂದು ಕಾಲದಲ್ಲಿ ಇತ್ತು ಎಂಬುದೂ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಕಾಲ ತಿರುಗಿದೆ. ಹಾವೇರಿಯ ಹುಡುಗಿ ಫೋನಿನಲ್ಲಿ ಸಬ್‌ಟೈಟಲ್ ಹಾಕಿಕೊಂಡು ಮೂಲ ನೋಡಿ, ನಮ್ಮ ವಿಮರ್ಶೆಯನ್ನು ಆಮೇಲೆ ಓದುತ್ತಾಳೆ. ನಾವು ನುಂಗಿದ ಮಾತು ಅವಳಿಗೆ ಎದ್ದು ಕಾಣುತ್ತದೆ.

ಒಳ್ಳೆಯ ರೀಮೇಕ್ ಬಂದಾಗಲೂ ನಾವು ಅದರ ಒಳ್ಳೆಯತನವನ್ನು ಸರಿಯಾಗಿ ಹೇಳಿಲ್ಲ ಎನ್ನುವುದು ನನ್ನ ಇನ್ನೊಂದು ಸಿಟ್ಟು. ‘ಆಪ್ತಮಿತ್ರ’ವನ್ನೇ ತೆಗೆದುಕೊಳ್ಳಿ. 1993ರಲ್ಲಿ ಫಾಜಿಲ್ ನಿರ್ದೇಶಿಸಿದ ಮಲಯಾಳದ ‘ಮಣಿಚಿತ್ರತ್ತಾಳ್’ನಲ್ಲಿ ನಾಗವಲ್ಲಿ ತಂಜಾವೂರಿನಿಂದ ತಂದ ನರ್ತಕಿ. ಕೇರಳದ ಹಳೆಯ ತರವಾಡು ಮನೆಯಲ್ಲಿ ನಾಯಕಿ ಗಂಗಾ ನಾಗವಲ್ಲಿಯಾಗಿ ಇದ್ದಕ್ಕಿದ್ದಂತೆ ತಮಿಳು ಆಡತೊಡಗಿದಾಗ ಮೈ ಜುಮ್ಮೆನ್ನುತ್ತದೆ. ಮನೆ ಒಂದು ಭಾಷೆಯದು, ಅದರೊಳಗೆ ಕೂಡಿಹಾಕಿ ಕೊಂದ ಹೆಣ್ಣು ಇನ್ನೊಂದು ಭಾಷೆಯವಳು. 2004ರಲ್ಲಿ ಪಿ. ವಾಸು ಇದನ್ನು ಕನ್ನಡಕ್ಕೆ ತಂದಾಗ ನಾಗವಲ್ಲಿಯನ್ನು ತೆಲುಗಿನವಳನ್ನಾಗಿ ಮಾಡಿದರು. ಸೌಂದರ್ಯ ಕಣ್ಣರಳಿಸಿ ತೆಲುಗಿನಲ್ಲಿ ಗದರಿದಾಗ ಥಿಯೇಟರು ತಣ್ಣಗಾಯಿತು. ನಮ್ಮವಳೇ ಎನ್ನುವಷ್ಟು ಹತ್ತಿರ, ನಮ್ಮವಳಲ್ಲ ಎನ್ನುವಷ್ಟು ದೂರ. ಇದು ಯೋಚಿಸಿ ಮಾಡಿದ ಬದಲಾವಣೆ, ಹೊಗಳಬೇಕಾದದ್ದು. ಹಿಂದಿಯ ‘ಭೂಲ್ ಭುಲಯ್ಯಾ’ ಅದೇ ಜಾಡು ಹಿಡಿದು ಅವಳನ್ನು ಬಂಗಾಳಿ ಮಾಡಿತು. ಈ ಬದಲಾವಣೆಯನ್ನು ಬಿಡಿಸಿ ಹೇಳುವ ಬದಲು ನಾವು ವರ್ಷಗಟ್ಟಲೆ ಚರ್ಚಿಸಿದ್ದು ‘ಆಪ್ತಮಿತ್ರ’ ಎಷ್ಟು ದಿನ ಓಡಿತು ಎಂದು, ನಾಗವಲ್ಲಿಯ ಶಾಪ ನಿಜವೇ ಎಂದು. ಮತ್ತೆ, ಈ ನಾಗವಲ್ಲಿಯನ್ನು ಮೊದಲು ಕಂಡವರು ಮಧು ಮುಟ್ಟಂ ಎಂಬ ಚಿತ್ರಕಥೆಗಾರರು. ಕನ್ನಡದಲ್ಲಿ ಆ ಹೆಸರು ಎಷ್ಟು ಜನಕ್ಕೆ ಗೊತ್ತು?

‘ದೃಶ್ಯ’ದ ಕಥೆಯೂ ಇಂಥದ್ದೇ. ಮಲಯಾಳದಲ್ಲಿ ಜೀತು ಜೋಸೆಫ್ ಬರೆದ ಜಾರ್ಜ್‌ಕುಟ್ಟಿ ಕನ್ನಡದಲ್ಲಿ ರಾಜೇಂದ್ರ ಪೊನ್ನಪ್ಪನಾದ. ತಮಿಳಿನ ‘ಪಾಪನಾಶಂ’ನಲ್ಲಿ ಕಮಲ್ ಹಾಸನ್ ಅದೇ ಪಾತ್ರಕ್ಕೆ ತಿರುನೆಲ್ವೇಲಿಯ ಆಡುಮಾತು ಹಚ್ಚಿದರು. ಪೊನ್ನಪ್ಪ ಎಂಬ ಹೆಸರಿನ ಜೊತೆ ಕೊಡಗು ಎಷ್ಟು ಬಂತು, ಎಷ್ಟು ಬರಲಿಲ್ಲ? ಕೇಳಿದ್ದರೆ ಮುಂದಿನ ರೀಮೇಕ್ ಮಾಡುವವರು ಸ್ವಲ್ಪ ಹೆದರುತ್ತಿದ್ದರು.

ಅಡುಗೆಮನೆಗೆ ಬರೋಣ. 2021ರಲ್ಲಿ ಜಿಯೋ ಬೇಬಿ ಮಾಡಿದ ‘ದಿ ಗ್ರೇಟ್ ಇಂಡಿಯನ್ ಕಿಚನ್’ನಲ್ಲಿ ಸೋರುವ ಸಿಂಕು, ಅದರ ಕೆಳಗೆ ಒದ್ದೆ ಗೋಣಿ, ತಿಂದು ಮೇಜಿನ ಮೇಲೆ ಉಗುಳಿಟ್ಟ ನುಗ್ಗೆಕಾಯಿ ಸಿಪ್ಪೆ ಎಲ್ಲವೂ ಇವೆ. ಜೊತೆಗೆ ಶಬರಿಮಲೆಯೂ ಇದೆ. ಗಂಡ ಮಾಲೆ ಹಾಕಿದ್ದಾನೆ, 2018ರ ಸುಪ್ರೀಂ ಕೋರ್ಟ್ ತೀರ್ಪಿನ ಗದ್ದಲ ಹೊರಗೆ ನಡೆದಿದೆ, ಒಳಗೆ ಮುಟ್ಟಾದವಳು ಕೋಣೆ ಸೇರಿದ್ದಾಳೆ. ಕೊಳಕು ನೀರು ಎರಚಿ ಅವಳು ಹೊಸ್ತಿಲು ದಾಟುವುದಕ್ಕೆ ಬಲ ಬರುವುದು ಇವೆರಡೂ ಸೇರಿದಾಗ. ಹಿಂದಿಯ ‘ಮಿಸೆಸ್’ ಸಿಂಕನ್ನು ಉಳಿಸಿಕೊಂಡು ಶಬರಿಮಲೆಯನ್ನು ಬಿಟ್ಟಿತು. ಉತ್ತರದ ಮನೆಗೆ ಶಬರಿಮಲೆ ಹೊಂದುವುದಿಲ್ಲ, ಒಪ್ಪೋಣ. ಹಾಗಾದರೆ ಅಲ್ಲಿನ ಯಾವ ದೇವರ ಹೆಸರಿನಲ್ಲಿ ಅವಳನ್ನು ಹೊರಗಿಡುತ್ತಾರೆ ಎಂದು ಕೇಳುವುದು ನ್ಯಾಯವಲ್ಲವೇ? ಧರ್ಮವನ್ನು ಪಕ್ಕಕ್ಕಿಟ್ಟರೆ ಉಳಿಯುವುದು ಕೆಟ್ಟ ಗಂಡ, ಹಟಮಾರಿ ಮಾವ. ನೋಡಿದವರು ನಮ್ಮ ಮನೆ ಹೀಗಿಲ್ಲಪ್ಪ ಎಂದು ನೆಮ್ಮದಿಯಾಗಿ ಎದ್ದು ಹೋಗಬಹುದು. ಪ್ರತಿ ವರ್ಷ ಲಕ್ಷಾಂತರ ಜನ ಮಾಲೆ ಹಾಕುವ ಕರ್ನಾಟಕದಲ್ಲಿ ಈ ಚಿತ್ರ ಮಾಡಲು ಯಾರಾದರೂ ಹೊರಟರೆ ಆ ಭಾಗ ಉಳಿಯುತ್ತದೆಯೇ? ಉಳಿಯದಿದ್ದರೆ ನಾವು ಅದನ್ನು ಬರೆಯುತ್ತೇವೆಯೇ?

ಸಾಚಿ ಅವರ ‘ಅಯ್ಯಪ್ಪನುಂ ಕೋಶಿಯುಂ’ ಹೆಸರಿನಲ್ಲೇ ಇಬ್ಬರು ಗಂಡಸರನ್ನು ಸಮನಾಗಿ ನಿಲ್ಲಿಸಿತ್ತು. ತೆಲುಗಿಗೆ ಬಂದಾಗ ಅದು ‘ಭೀಮ್ಲಾ ನಾಯಕ್’ ಆಯಿತು, ಒಬ್ಬ ಶೀರ್ಷಿಕೆಯಿಂದಲೇ ಉದುರಿಹೋದ. ಸ್ಟಾರ್ ಯಾರು ಎಂಬುದು ತಕ್ಕಡಿಯನ್ನು ಎತ್ತ ವಾಲಿಸುತ್ತದೆ ಎಂದು ತಿಳಿಯಲು ಪೋಸ್ಟರ್ ಸಾಕು. ಮೂಲದಲ್ಲಿ ಅಯ್ಯಪ್ಪನ ಹೆಂಡತಿ ಕಣ್ಣಮ್ಮ ಅಟ್ಟಪ್ಪಾಡಿಯ ಆದಿವಾಸಿ ಹೋರಾಟಗಾರ್ತಿ. ಅಲ್ಲಿನ ಇರುಳ ಸಮುದಾಯದ ನಂಚಮ್ಮ ಹಾಡಿದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಒಂದು ಮಾತು ಹೇಳಲೇಬೇಕು. ತೆಲುಗಿನವರು ಶೀರ್ಷಿಕೆ ಗೀತೆಯನ್ನು ತೆಲಂಗಾಣದ ಕಿನ್ನೆರ ಕಲಾವಿದ ಮೊಗಿಲಯ್ಯನವರ ದನಿಯಲ್ಲಿ ಶುರು ಮಾಡಿದರು. ತಮ್ಮ ನೆಲದಲ್ಲಿ ಹುಡುಕಿದರೆ ಏನು ಸಿಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಆ ಹುಡುಕಾಟ ಹಾಡಿನಲ್ಲೇ ಯಾಕೆ ನಿಂತಿತು ಎಂದು ಕೇಳುವಷ್ಟು ಸೂಕ್ಷ್ಮತೆ ನಮಗಿರಬೇಕು. ಕಿನ್ನರಿ ಜೋಗಿಗಳು ನಮ್ಮಲ್ಲೂ ಇದ್ದಾರೆ. ನಮ್ಮ ಎಷ್ಟು ರೀಮೇಕುಗಳು ಅವರ ಕಡೆ ತಿರುಗಿ ನೋಡಿವೆ?

ಕಥೆ ಬರೆದವರ ಹೆಸರೇ ಅಳಿಸಿಹೋಗುವ ನೋವು ಕನ್ನಡಕ್ಕೆ ಹೊಸದಲ್ಲ. 1986ರ ‘ಅನುರಾಗ ಅರಳಿತು’ ತಮಿಳಿನಲ್ಲಿ ರಜನಿಕಾಂತರ ‘ಮನ್ನನ್’, ತೆಲುಗಿನಲ್ಲಿ ಚಿರಂಜೀವಿಯವರ ‘ಘರಾನಾ ಮೊಗುಡು’, ಹಿಂದಿಯಲ್ಲಿ ‘ಲಾಡ್ಲಾ’ ಆಯಿತು. ಎಲ್ಲಕ್ಕೂ ಬೇರು ಎಚ್.ಜಿ. ರಾಧಾದೇವಿಯವರ ಕಾದಂಬರಿ ‘ಅನುರಾಗದ ಅಂತಃಪುರ’. (ಗರ್ವದ ಹೆಣ್ಣನ್ನು ಗಂಡು ಪಳಗಿಸುವ ಆ ಕಥೆಯನ್ನು ನಾನು ಮೆಚ್ಚುತ್ತೇನೆ ಎಂದಲ್ಲ. ಅದರ ಮೇಲೂ ಬರೆಯುವುದು ಬೇಕಾದಷ್ಟಿದೆ.) ಮೂರು ಭಾಷೆಯ ಸ್ಟಾರುಗಳ ಹೆಸರು ಹೇಳುವವರು ಆ ಲೇಖಕಿಯ ಹೆಸರು ಹೇಳುವುದಿಲ್ಲ. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ ತೆಲುಗಿಗೆ, ಹಿಂದಿಗೆ ಹೋದದ್ದು ಅಲ್ಲಿ ಎಷ್ಟು ಮಂದಿಗೆ ನೆನಪಿದೆ? ನಮ್ಮ ಕಥೆಗಾರ್ತಿಯರನ್ನು ಅಳಿಸಿದರು ಎಂದು ಕುದಿಯುವ ನಾವು ಮಧು ಮುಟ್ಟಂ ವಿಷಯದಲ್ಲಿ ಸುಮ್ಮನಿರುವುದು ಹೇಗೆ?

ನಿಮ್ಮ ಕಷ್ಟ ಗೊತ್ತಿದೆ. ಬೆಳಿಗ್ಗೆ ಶೋ, ಸಂಜೆಯೊಳಗೆ ಕಾಪಿ, ಮುನ್ನೂರು ಪದದ ಜಾಗ, ಅದರ ಪಕ್ಕದಲ್ಲೇ ಅದೇ ಚಿತ್ರದ ಅರ್ಧ ಪುಟ ಜಾಹೀರಾತು. ನಿರ್ಮಾಪಕರು ಕೋಟಿಗಟ್ಟಲೆ ಹಾಕಿದ್ದಾರೆ, ಸ್ವಲ್ಪ ನೋಡಿ ಬರೀರಿ ಸಾರ್ ಎಂಬ ಫೋನು. ಅಭಿಮಾನಿಗಳ ಬೈಗುಳ ಬೇರೆ. ಸಂಪಾದಕರೇ, ಈ ಮಾತು ನಿಮಗೆ: ರೀಮೇಕ್ ವಿಮರ್ಶೆಗೆ ಎರಡು ದಿನ ಹೆಚ್ಚು ಕೊಡಿ, ಮೂಲ ನೋಡಲು ಬಿಡುವು ಕೊಡಿ, ಬರಹ ಭಾನುವಾರ ಬಂದರೂ ಆಕಾಶ ಬೀಳುವುದಿಲ್ಲ. ತಾರಾಗಣ, ನಿರ್ದೇಶಕ ಎಂದು ಅಚ್ಚು ಹಾಕುವ ಚೌಕದಲ್ಲಿ ಮೂಲ ಚಿತ್ರದ ಹೆಸರು, ಅದನ್ನು ಬರೆದವರ ಹೆಸರು ಹಾಕುವುದಕ್ಕೆ ಒಂದು ಸಾಲು ಸಾಕು. ಆ ಸಾಲನ್ನು ಯಾವ ಜಾಹೀರಾತಿಗೂ ಮಾರಬೇಡಿ.

ಓದುಗರೇ, ನೀವೂ ಸುಮ್ಮನಿರಬೇಡಿ. ಮೂಲ ನೋಡಿದವರು ಪತ್ರಿಕೆಗೆ ಪತ್ರ ಬರೆಯಿರಿ, ಬಿಟ್ಟುಹೋದ ಆ ದೃಶ್ಯದ ಬಗ್ಗೆ ನಿಮ್ಮ ವಿಮರ್ಶಕರಿಗೆ ಏನೂ ಅನ್ನಿಸಲಿಲ್ಲವೇ ಎಂದು ಕೇಳಿ.

ಹೊಸ ರೀಮೇಕಿನ ಪ್ರೆಸ್ ಮೀಟ್ ಮತ್ತೆ ನಡೆದೇ ನಡೆಯುತ್ತದೆ. ಹಾರ, ಶಾಲು, ಟೀಸರ್ ಮುಗಿದ ಮೇಲೆ ಮೈಕು ಪತ್ರಕರ್ತರ ಸಾಲಿಗೆ ಬರುತ್ತದೆ. ನಾಯಕಿಯ ಕಾಸ್ಟ್ಯೂಮಿನ ಪ್ರಶ್ನೆಯನ್ನು ಬೇರೆ ಯಾರಾದರೂ ಕೇಳುತ್ತಾರೆ, ನೀವು ಎದ್ದು ನಿಂತು ಕೇಳಿ: ಮೂಲ ಕಥೆ ಬರೆದವರ ಹೆಸರು ಟೈಟಲ್ ಕಾರ್ಡಿನಲ್ಲಿ ಎಲ್ಲಿದೆ? ಹಕ್ಕಿನ ಹಣದಲ್ಲಿ ಅವರಿಗೆ ಪಾಲು ಸಿಕ್ಕಿತೇ? ಮೂಲದ ಹುಡುಗನ ಜಾತಿ ನಿಮ್ಮ ಚಿತ್ರದಲ್ಲಿ ಏನಾಯಿತು? ಉತ್ತರ ಬಂದರೆ ಅದನ್ನು ಹಾಗೇ ಬರೆಯಿರಿ. ನಗೆಯಲ್ಲಿ ತೇಲಿಸಿ ಮುಂದಿನ ಪ್ರಶ್ನೆ ಎಂದರೆ, ತೇಲಿಸಿದರು ಎಂಬುದನ್ನೇ ಮೊದಲ ಪ್ಯಾರಾದಲ್ಲಿ ಬರೆಯಿರಿ.