ಪಳಗುವುದು ವಾಲ್ವೋ, ನಮ್ಮ ಕಿವಿಯೋ?

ದೋಸೆ ಹೆಂಚನ್ನು ಪಳಗಿಸಬೇಕು, ಒಪ್ಪೋಣ. ಹೊಸ ಹೆಂಚಿನಿಂದ ಮೊದಲ ನಾಲ್ಕು ದೋಸೆ ನೆಟ್ಟಗೆ ಏಳೋದಿಲ್ಲ ಅನ್ನೋದು ಎಲ್ಲರ ಮನೆಯಲ್ಲೂ ಗೊತ್ತು. ಹೊಸ ಚಪ್ಪಲಿ ಕಚ್ಚುತ್ತದೆ, ವಾರ ಕಳೆದರೆ ಸುಮ್ಮನಾಗುತ್ತದೆ. ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡವರ ನಡುವೆಯೂ ಇಂಥದೇ ಒಂದು ಮಾತು ಬೇರೂರಿದೆ: ಹೊಸ ವಾಲ್ವು ಹಾಕಿದರೆ ನೂರಿನ್ನೂರು ಗಂಟೆ ಹಾಡಿಸಬೇಕು, ಆಮೇಲೇ ಅದರ ದನಿ ಬಿಚ್ಚಿಕೊಳ್ಳೋದು. ಇದರಲ್ಲಿ ಸತ್ಯವೇ ಇಲ್ಲವೆ? ಇದೆ. ಆದರೆ ಹಿಡಿಯಷ್ಟು ಸತ್ಯಕ್ಕೆ ಚೀಲದಷ್ಟು ನಂಬಿಕೆ ಬೆರೆತಿದೆ ಅನ್ನೋದು ನನ್ನ ತಕರಾರು.

ಮೊದಲು ಸತ್ಯವನ್ನು ನೋಡೋಣ. ವಾಲ್ವಿನ ಒಳಗೆ ನಿಕ್ಕಲ್ ಕೊಳವೆಯೊಂದಿದೆ, ಅದೇ ಕ್ಯಾಥೋಡ್. ಅದರ ಮೇಲೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳ ಬಿಳಿ ಲೇಪ. ಕೆಂಪಗೆ ಕಾದಾಗ ಈ ಲೇಪದಿಂದ ಇಲೆಕ್ಟ್ರಾನುಗಳು ಹೊರಡುತ್ತವೆ. ಹೊಸದರಲ್ಲಿ ಲೇಪ ಪೂರ್ತಿ ಸ್ಥಿಮಿತಕ್ಕೆ ಬಂದಿರೋದಿಲ್ಲ. ಲೋಹದಲ್ಲಿ ಅಡಗಿದ್ದ ಚೂರುಪಾರು ಅನಿಲವೂ ಕಾವಿಗೆ ಹೊರಬರುತ್ತದೆ. ಅದನ್ನು ಹೀರಿಕೊಳ್ಳುವುದಕ್ಕೆಂದೇ ಗಾಜಿನ ಒಳಮೈಗೆ ಕನ್ನಡಿಯಂಥ 'ಗೆಟರ್' ಬಳಿದಿರುತ್ತಾರೆ. (ಅದು ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ವಾಲ್ವಿನ ಕತೆ ಮುಗಿಯಿತು.) ಹಾಗಾಗಿ ಮೊದಲ ಕೆಲವು ಗಂಟೆ ಕರೆಂಟು ಸ್ವಲ್ಪ ಏರಿಳಿಯುತ್ತದೆ. ಇದು ಮೀಟರಿನಲ್ಲಿ ಕಾಣುವ ಸಂಗತಿ. ಒಳ್ಳೆಯ ಕಾರ್ಖಾನೆಗಳು ಇದೇ ಕಾರಣಕ್ಕೆ ವಾಲ್ವನ್ನು ಅಷ್ಟು ಹೊತ್ತು ಓಡಿಸಿಯೇ ಹೊರಗೆ ಕಳಿಸುತ್ತವೆ. ಇನ್ನೊಂದು, ವಾಲ್ವಿಗೂ ಬಾಲಾರಿಷ್ಟ ಉಂಟು. ಕೆಡುವಂಥದು ಎಷ್ಟೋ ಸಲ ಮೊದಲ ದಿನಗಳಲ್ಲೇ ಕೆಡುತ್ತದೆ.

ಅಂದಮೇಲೆ ಮೊದಲ ಗಂಟೆಗಳು ಪರೀಕ್ಷೆಯ ಗಂಟೆಗಳು, ತಪಸ್ಸಿನವಲ್ಲ. ಇಎಲ್ 34ರಂಥ ಪವರ್ ವಾಲ್ವಾದರೆ ಹಾಕಿದ ದಿನ ಬಯಾಸ್ ನೋಡಿ, ಕೆಲವು ಗಂಟೆ ಬಿಟ್ಟು ನೋಡಿ, ವಾರ ಬಿಟ್ಟು ಮತ್ತೊಮ್ಮೆ ನೋಡಿ. ಪ್ಲೇಟಿನಲ್ಲಿ 400 ವೋಲ್ಟು, ಕರೆಂಟು 40 ಮಿಲಿಆಂಪಿಯರ್ ಇದ್ದರೆ 16 ವಾಟ್ ಆಯಿತು. ಆ ವಾಲ್ವಿನ ಪ್ಲೇಟು ತಾಳುವ ಮಿತಿ 25 ವಾಟ್. ಪ್ಲೇಟು ಕೆಂಪಗಾದರೆ 'ಪಳಗುತ್ತಿದೆ' ಅಂತ ಸುಮ್ಮನೆ ಕೂರಬೇಡಿ, ತಕ್ಷಣ ಆಫ್ ಮಾಡಿ. ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು ಅನ್ನೋದು ನೆನಪಿರಲಿ.

ಕೆಲವರು ಫಿಲಮೆಂಟ್ ಮಾತ್ರ ಹೊತ್ತಿಸಿ ದಿನಗಟ್ಟಲೆ ಇಡುತ್ತಾರೆ. ಇದು ಉಪಕಾರಕ್ಕಿಂತ ಅಪಕಾರವೇ. ಅಮೆರಿಕದ ಎಂ.ಐ.ಟಿ.ಯಲ್ಲಿ ವರ್ಲ್‌ವಿಂಡ್ ಗಣಕ ಕಟ್ಟಿದ ಎಂಜಿನಿಯರುಗಳಿಗೆ, ಕಾದಿದ್ದೂ ಕರೆಂಟು ಹರಿಯದೆ ಕೂತ ವಾಲ್ವುಗಳು ಸೊರಗುವುದು ಕಂಡಿತು. ನಿಕ್ಕಲ್ಲಿನಲ್ಲಿದ್ದ ಸಿಲಿಕಾನ್ ಲೇಪದ ಅಡಿಯಲ್ಲಿ ಅಡ್ಡಗೋಡೆ ಎಬ್ಬಿಸುತ್ತಿತ್ತು. ಸಿಲಿಕಾನ್ ಕಡಿಮೆ ಇರುವ ನಿಕ್ಕಲ್ ಬಳಸಿದ ಮೇಲೆ ಆಯುಸ್ಸು ಹೆಚ್ಚಿತು. ಅವರು ಕಿವಿಯನ್ನು ನಂಬಿ ಕೂರಲಿಲ್ಲ, ಅಳೆದು ನೋಡಿದರು.

ಹಾಗಾದರೆ ನೂರು ಗಂಟೆಯ ಮೇಲೆ ಕೇಳುವ ಆ ಮಾಧುರ್ಯ? ಬಹುಮಟ್ಟಿಗೆ ಅದು ನಮ್ಮ ಕಿವಿಯದೇ ಅಂತ ನನ್ನ ವಾದ. ನೂರು ಗಂಟೆ ಕೇಳಿದರೆ ಯಾವ ದನಿ ತಾನೇ ಆಪ್ತವಾಗೋದಿಲ್ಲ? ಬೆಂಗಳೂರಿನ ಬಿ.ಇ.ಎಲ್. 1961ರಲ್ಲಿ ರೇಡಿಯೋ ವಾಲ್ವು ತಯಾರಿಸಲು ಶುರುಮಾಡಿತು. ಆ ಕಾಲದ ಮನೆಗಳಲ್ಲಿ ವಾಲ್ವು ಸುಟ್ಟರೆ ಹೊಸದು ಹಾಕಿಸಿ ಅದೇ ಸಂಜೆ ಹಾಡು ಕೇಳುತ್ತಿದ್ದರು. 'ವಾಲ್ವು ಪಳಗಲಿ, ಬಿನಾಕಾ ಗೀತಮಾಲಾ ಮುಂದಿನ ತಿಂಗಳು ಕೇಳೋಣ' ಅಂದವರನ್ನು ನಾನಂತೂ ಕೇಳಿಲ್ಲ.

ಇದು ಬರೀ ತಮಾಷೆಯ ಮಾತೂ ಅಲ್ಲ. ಪಾಕೆಟ್ ಮನಿ ಉಳಿಸಿ ಒಂದು ಜೋಡಿ ತರಿಸಿದ ವಿದ್ಯಾರ್ಥಿಗೆ ಗುಂಯ್‌ಗುಟ್ಟುವ, ಚಟಚಟ ಅನ್ನುವ ವಾಲ್ವು ಬಂತು ಅನ್ನಿ. 'ಇನ್ನೂ ನೂರು ಗಂಟೆ ಕೇಳಿ ನೋಡಿ' ಅನ್ನುವ ಮಾರಾಟಗಾರನ ಮಾತು ಯಾರಿಗೆ ಲಾಭ? ಆ ನೂರು ಗಂಟೆ ಮುಗಿಯುವ ಹೊತ್ತಿಗೆ ವಾಪಸು ಕೊಡುವ ಗಡುವೂ ಮುಗಿದಿರುತ್ತದೆ! ಕೆಟ್ಟ ಮಾಲಿಗೆ 'ಪಳಗಿಲ್ಲ' ಅನ್ನೋದು ಬಲು ಸೊಗಸಾದ ಮುಸುಕು.

ಅನುಮಾನ ಇದ್ದವರು ಹೀಗೆ ಮಾಡಲಿ. ಒಂದೇ ಕಂಪನಿಯ ಎರಡು ಇಸಿಸಿ 83 ತನ್ನಿ. ಒಂದನ್ನು ನೂರು ಗಂಟೆ ಓಡಿಸಿ, ಇನ್ನೊಂದು ಪೆಟ್ಟಿಗೆಯಲ್ಲೇ ಇರಲಿ. ಆಮೇಲೆ ನೀವು ಬೆನ್ನು ತಿರುಗಿಸಿ ಕೂತು, ಗೆಳೆಯನ ಕೈಯಲ್ಲಿ ಪ್ರತಿ ಸಲ ಆಫ್ ಮಾಡಿಸಿ ಹತ್ತು ಬಾರಿ ಹಾಕಿಸಿ. ಯಾವುದನ್ನು ಹಾಕುವುದು ಅಂತ ಅವನು ನಾಣ್ಯ ಚಿಮ್ಮಿ ತೀರ್ಮಾನಿಸಲಿ, ವಾಲ್ಯೂಮ್ ಒಂದೇ ಇರಲಿ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಹೇಳಿದರೆ ನಿಮ್ಮ ಮಾತಿಗೆ ತೂಕ ಬಂತು. ಐದಾರು ಸಲ ಮಾತ್ರ ಸರಿಯಾದರೆ ನಾಣ್ಯಕ್ಕೂ ನಿಮಗೂ ವ್ಯತ್ಯಾಸವಿಲ್ಲ.

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಇದೆಂಥ ವಾಲ್ವು ಪುರಾಣ ಅಂತ ಹುಬ್ಬೇರಿಸುವವರಿಗೆ ಒಂದು ಮಾತು. ಊರವರ ಮೂಢನಂಬಿಕೆಯ ಮೇಲೆ ನಾವು ಪದ್ಯ ಬರೆಯುತ್ತೇವೆ. ಸಾವಿರಗಟ್ಟಲೆ ರೂಪಾಯಿಯ ನಂಬಿಕೆ ನಮ್ಮ ಟೇಬಲ್ ಮೇಲೇ ಹೊಳೆಯುತ್ತಾ ಕೂತಿದ್ದರೆ ಅದನ್ನೂ ಪ್ರಶ್ನಿಸಬೇಡವೆ? ಒಪ್ಪದವರು ಮುಂದಿನ ಸಂಚಿಕೆಗೆ ಧಾರಾಳವಾಗಿ ಬರೆಯಲಿ. ಬರೆಯುವ ಮುನ್ನ ಒಮ್ಮೆ ಬೆನ್ನು ತಿರುಗಿಸಿ ಕೂತು ಕೇಳಿರಲಿ, ಅಷ್ಟೇ.