ಹಳ್ಳಿಯ ಅಡಿಗೆಮನೆಯಲ್ಲಿ ಇಂಡಕ್ಷನ್ ಒಲೆ

ಪಟ್ಟಣದ ಮನೆಗಳಲ್ಲಿ ಕೆಲವು ಕಾಲದಿಂದ ಬಳಕೆಯಲ್ಲಿರುವ ಇಂಡಕ್ಷನ್ ಒಲೆಯು ಈಗ ಹಳ್ಳಿಗಳಿಗೂ ಬರತೊಡಗಿದೆ. ಮದುವೆಯ ಉಡುಗೊರೆಯಾಗಿ ಬಂದುದು ಕೆಲವು, ಪಟ್ಟಣದಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಹಬ್ಬಕ್ಕೆ ಬರುವಾಗ ತಂದುಕೊಟ್ಟುದು ಕೆಲವು. ಇದರ ವಿಷಯದಲ್ಲಿ ಗ್ರಾಮದ ಹಿರಿಯರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಕರೆಂಟಿನ ಒಲೆಯು ಪ್ರಾಣಾಪಾಯದ ವಸ್ತುವೆಂದೂ ಅದರ ಮೇಲೆ ಬೆಂದ ಅನ್ನಕ್ಕೆ ರುಚಿಯಿಲ್ಲವೆಂದೂ ಒಂದು ಪಕ್ಷದವರು ಹೇಳುತ್ತಾರೆ. ಮನೆಗೊಂದು ಒಲೆಯನ್ನು ಹಂಚಿಬಿಟ್ಟರೆ ಹೊಗೆಯ ಪೀಡೆಯು ತೊಲಗುವುದೆಂದು ಮತ್ತೊಂದು ಪಕ್ಷದವರ ಮತ. ಇವೆರಡರಲ್ಲಿ ಯಾವುದೂ ವಿವೇಕದ ಮಾತಲ್ಲ. ಒಲೆಯು ಒಳ್ಳೆಯದೇ, ಆದರೆ ಅದು ಹೊಸ್ತಿಲನ್ನು ದಾಟುವುದಕ್ಕೆ ಮುಂಚೆ ಮನೆಯ ತಂತಿಯೂ ಅರ್ಥಿಂಗೂ ಊರಿನ ಟಿ.ಸಿ.ಯೂ ಅದಕ್ಕೆ ಸಿದ್ಧವಾಗಿರಬೇಕು. ಈ ಸಿದ್ಧತೆಯು ಅಡಿಗೆ ಮಾಡುವ ಹೆಂಗಸಿನ ಕೈಯಲ್ಲಿಲ್ಲ; ಮನೆಯ ಯಜಮಾನನ ಮತ್ತು ಗ್ರಾಮದ ಮುಖಂಡರ ಕೈಯಲ್ಲಿದೆ.

ಒಲೆಯಿಂದಾಗುವ ಲಾಭವು ಸಾಮಾನ್ಯವಾದುದಲ್ಲ. ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ಹಸಿ ಸೌದೆಯ ಮುಂದೆ ಕುಳಿತು ಊದುಗೊಳವೆಯಿಂದ ಊದುತ್ತ ಆಯುಷ್ಯವನ್ನು ಕಳೆದ ಹೆಂಗಸರ ಕಣ್ಣು, ಎದೆಗಳ ಸ್ಥಿತಿಯು ಎಲ್ಲರಿಗೂ ತಿಳಿದದ್ದೇ ಆಗಿದೆ. ಹೊಗೆಯಿಂದ ಶ್ವಾಸಕೋಶದ ರೋಗಗಳು ಹುಟ್ಟುವುದೂ, ಅದೇ ಹೊಗೆಯನ್ನು ಕಂಕುಳಿನ ಕೂಸು ಕುಡಿಯುವುದೂ ವೈದ್ಯರು ಸಿದ್ಧಪಡಿಸಿರುವ ಸಂಗತಿಗಳು. ಬೇಸಾಯಗಾರನಿಗೆ ಇದರಲ್ಲಿ ಇನ್ನೊಂದು ಲೆಕ್ಕವೂ ಉಂಟು. ಬೆರಣಿ ತಟ್ಟಿ ಉರಿಸಿದ ಸಗಣಿಯಲ್ಲಿನ ಸಾರಜನಕವೂ ಸಾವಯವ ಅಂಶವೂ ಹೊಗೆಯಾಗಿ ಹೋಗಿ, ಹೊಲಕ್ಕೆ ಉಳಿಯುವುದು ಬೂದಿ ಮಾತ್ರ. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆಗಳ ಗತಿಯೂ ಹಾಗೆಯೇ. ತಿಪ್ಪೆಗೆ ಸೇರಬೇಕಾದುದನ್ನು ಒಲೆಗೆ ಹಾಕಿ, ಮರುವರ್ಷ ಅಂಗಡಿಯಿಂದ ಯೂರಿಯಾ ಮೂಟೆಯನ್ನು ಕೊಂಡು ತರುವುದು ನಷ್ಟದ ವ್ಯಾಪಾರವೆಂದು ಬೇರೆ ಹೇಳಬೇಕಾಗಿಲ್ಲ.

ಈ ಒಲೆಯಲ್ಲಿ ಬೆಂಕಿಯಿಲ್ಲ, ಕೆಂಪಗೆ ಕಾಯುವ ತಂತಿಯೂ ಇಲ್ಲ. ಗಾಜಿನಂಥ ಹಲಗೆಯ ಕೆಳಗೆ ತಾಮ್ರದ ತಂತಿಯ ಸುರುಳಿಯಿರುತ್ತದೆ. ಮನೆಗೆ ಬರುವ ವಿದ್ಯುತ್ತು ದಿಕ್ಕು ಬದಲಿಸುತ್ತ ಸೆಕೆಂಡಿಗೆ 50 ಸಾರಿ ಆವರ್ತಿಸುವಂಥದು. ಒಲೆಯೊಳಗಣ ಯಂತ್ರವು ಅದನ್ನು ಸೆಕೆಂಡಿಗೆ 20,000ಕ್ಕೂ ಮಿಕ್ಕಿ ಆವರ್ತಿಸುವಂತೆ ಮಾಡಿ ಸುರುಳಿಯಲ್ಲಿ ಹರಿಯಿಸುತ್ತದೆ. ಇದರಿಂದ ಹುಟ್ಟುವ ಕಾಂತಬಲವು ಮೇಲಿಟ್ಟ ಪಾತ್ರೆಯ ತಳದಲ್ಲಿ ವಿದ್ಯುತ್ತನ್ನು ಪ್ರೇರಿಸಿ ತಳವನ್ನೇ ಬಿಸಿಮಾಡುತ್ತದೆ. ಇಂಗ್ಲೆಂಡಿನ ಮೈಕೆಲ್ ಫ್ಯಾರಡೆಯು 1831ನೆಯ ಇಸವಿಯಲ್ಲಿ ಕಂಡುಹಿಡಿದ ತತ್ತ್ವವೇ ಇದು. ಜನರೇಟರೂ ಟ್ರಾನ್ಸ್‌ಫಾರ್ಮರೂ ನಡೆಯುವುದು ಇದರಿಂದಲೇ. ಉಷ್ಣವು ಪಾತ್ರೆಯಲ್ಲಿಯೇ ಹುಟ್ಟುವುದರಿಂದ ನೂರರಲ್ಲಿ ಸುಮಾರು 85 ಪಾಲು ಅಡಿಗೆಗೆ ಒದಗುತ್ತದೆ. ಮೂರು ಕಲ್ಲಿನ ಸೌದೆ ಒಲೆಯಲ್ಲಿ ಒದಗುವುದು ಹತ್ತು ಹದಿನೈದು ಪಾಲು ಮಾತ್ರ. ಒಂದು ಲೀಟರ್ ತಣ್ಣೀರು ಕುದಿಯುವುದಕ್ಕೆ ಈ ಒಲೆಯಲ್ಲಿ ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲು ಸಾಕು. ರುಚಿಯ ಮಾತು ಹೇಳುವುದಾದರೆ, ಅಕ್ಕಿಗೆ ಬೇಕಾದುದು ಉಷ್ಣ. ಅದು ಸೌದೆಯಿಂದ ಬಂದಿತೋ ಶರಾವತಿಯ ನೀರಿನಿಂದ ಬಂದಿತೋ ಅಕ್ಕಿಗೆ ತಿಳಿಯದು.

ಪಾತ್ರೆಯ ತಳವು ಕಬ್ಬಿಣದ ಜಾತಿಯದಾಗಿರಬೇಕು, ಸಮವಾಗಿರಬೇಕು. ಅಯಸ್ಕಾಂತದ ಚೂರೊಂದನ್ನು ತಳಕ್ಕೆ ಹಿಡಿದು ನೋಡುವುದೇ ಪರೀಕ್ಷೆ. ಗಟ್ಟಿಯಾಗಿ ಕಚ್ಚಿದರೆ ಪಾತ್ರೆಯು ಆಗುತ್ತದೆ, ಕಚ್ಚದಿದ್ದರೆ ಇಲ್ಲ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ಪಾತ್ರೆಗಳೂ ಮಣ್ಣಿನ ಮಡಕೆಯೂ ಸಾಮಾನ್ಯವಾದ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ. ಹಳ್ಳಿಯ ಮನೆಗಳಲ್ಲಿ ಹೆಚ್ಚಿನ ಪಾತ್ರೆಗಳು ಅಲ್ಯೂಮಿನಿಯಮ್ಮಿನವೇ ಆದುದರಿಂದ, ಒಲೆಯನ್ನು ಕೊಂಡವರು ಎರಡು ಮೂರು ಪಾತ್ರೆಗಳನ್ನೂ ಕೊಳ್ಳಬೇಕಾಗುವುದೆಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯತಕ್ಕದ್ದು. ಹಳೆಯ ಪಾತ್ರೆಯ ಕೆಳಗೆ ಕಬ್ಬಿಣದ ಬಿಲ್ಲೆಯನ್ನಿಟ್ಟು ಕಾಯಿಸುವ ಉಪಾಯವನ್ನು ಕೆಲವು ಅಂಗಡಿಗಳವರು ಹೇಳಿಕೊಡುತ್ತಾರೆ. ಬಿಲ್ಲೆಯು ವಿಪರೀತವಾಗಿ ಕಾದು ಗಾಜಿನ ಹಲಗೆಗೂ ಒಳಗಿನ ಯಂತ್ರಕ್ಕೂ ಕೇಡು ತರುವುದರಿಂದ ಅದು ಬೇಡ.

ಇನ್ನು ಮುಖ್ಯ ವಿಷಯ. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. 1905ರಲ್ಲಿ ಬೆಂಗಳೂರಿನಲ್ಲಿ ದೀಪಗಳು ಹೊತ್ತಿದವು. ಹಳ್ಳಿಗಳಿಗೆ ಅದು ಬಂದುದು ಬಹುಕಾಲದ ಮೇಲೆ; ಬಂದುದೂ ದೀಪಕ್ಕಾಗಿ, ಪಂಪಿಗಾಗಿ. ಭಾಗ್ಯಜ್ಯೋತಿಯ ಮನೆಗಳಿಗೆ ತಂತಿಯೆಳೆದಾಗ ಒಂದೇ ದೀಪವನ್ನು ಮನಸ್ಸಿನಲ್ಲಿಟ್ಟು ಎಳೆದರು. ಅಂಥ ಮನೆಗಳಲ್ಲಿ ಅದೇ ತಂತಿಗೆ ಒಂದೊಂದಾಗಿ ಫ್ಯಾನು, ಟೆಲಿವಿಷನ್, ಮಿಕ್ಸಿಗಳು ಸೇರಿಕೊಂಡಿವೆ. ಈಗ ಒಲೆಯ ಸರದಿ. 2000 ವ್ಯಾಟಿನ ಒಂದು ಒಲೆಯು ಈಗಿನ 9 ವ್ಯಾಟಿನ ಎಲ್.ಇ.ಡಿ. ದೀಪಗಳು ಇನ್ನೂರಕ್ಕಿಂತ ಹೆಚ್ಚು ಒಟ್ಟಿಗೆ ಹೊತ್ತಿದಷ್ಟು ವಿದ್ಯುತ್ತನ್ನು ಎಳೆಯುತ್ತದೆ. ಜಮೀನುದಾರರಿಗೆ ತಿಳಿದ ಲೆಕ್ಕದಲ್ಲಿ ಹೇಳುವುದಾದರೆ, ಅದು ಎರಡೂವರೆ ಅಶ್ವಶಕ್ತಿಗೆ ಮೀರಿದ ಭಾರ. ಎರಡೂವರೆ ಅಶ್ವಶಕ್ತಿಯ ಮೋಟಾರನ್ನು ದೀಪದ ತಂತಿಗೆ ಸಿಕ್ಕಿಸುವ ರೈತನು ಯಾವ ಊರಿನಲ್ಲಿಯೂ ಇರಲಾರನು. ಅಡಿಗೆಮನೆಯಲ್ಲಿ ಮಾತ್ರ ಅದನ್ನೇ ನಿಶ್ಚಿಂತೆಯಿಂದ ಮಾಡುತ್ತಾರೆ. ತಂತಿಯು ಗೋಡೆಯೊಳಗೆ ಕಾದು, ಅದರ ಹೊದಿಕೆಯು ಕರಗಿ, ಸುಟ್ಟ ವಾಸನೆಯು ಬಂದ ಮೇಲೆ ಒಲೆಯನ್ನು ದೂರುತ್ತಾರೆ.

ಆದಕಾರಣ ಒಲೆಗೆಂದು ಮೀಟರಿನ ಬಳಿಯಿಂದಲೇ ಪ್ರತ್ಯೇಕವಾದ ತಂತಿಯನ್ನು ಎಳೆಯಿಸತಕ್ಕದ್ದು. ತಾಮ್ರದ ತಂತಿಯು 2.5 ಚದರ ಮಿಲಿಮೀಟರಿಗೆ ಕಡಮೆಯಾಗಿರಬಾರದು. ಪ್ಲಗ್ಗು ಸಿಕ್ಕಿಸುವ ಸಾಕೆಟ್ಟು 16 ಆಂಪಿಯರಿನದಾಗಿರಬೇಕು. ದೀಪ, ಫ್ಯಾನುಗಳ 6 ಆಂಪಿಯರಿನ ಸಣ್ಣ ಸಾಕೆಟ್ಟು ಸಾಲದು. ಉದ್ದನೆಯ ಎಕ್ಸ್‌ಟೆನ್ಷನ್ ಹಗ್ಗವನ್ನು ಹಜಾರದಿಂದ ಅಡಿಗೆಮನೆಯವರೆಗೆ ಎಳೆದು ಒಲೆಯನ್ನು ನಡೆಸುವ ಪದ್ಧತಿಯಂತೂ ಸರ್ವಥಾ ಕೂಡದು. ಮನೆಗೆ ಮಂಜೂರಾದ ಭಾರವು ಒಂದು ಕಿಲೋವ್ಯಾಟ್ ಆಗಿದ್ದರೆ ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ಅದನ್ನು ಹೆಚ್ಚಿಸಿಕೊಳ್ಳಬೇಕು. ಕೆಲಸವನ್ನು ಲೈಸೆನ್ಸು ಪಡೆದ ಗುತ್ತಿಗೆದಾರನಿಂದಲೇ ಮಾಡಿಸತಕ್ಕದ್ದು. ಪಂಪು ರಿಪೇರಿ ಮಾಡುವ ಹುಡುಗನೇ ಮನೆಯ ವಯರಿಂಗನ್ನೂ ಮಾಡುವುದು ಹಳ್ಳಿಗಳಲ್ಲಿ ವಾಡಿಕೆಯಾಗಿದೆ. ಅವನ ಕೈಚಳಕವು ಎಷ್ಟಿದ್ದರೂ ಅರ್ಥಿಂಗಿನ ಪರೀಕ್ಷೆಯು ಅವನಿಂದ ಆಗುವಂಥದಲ್ಲ.

ಅರ್ಥಿಂಗಿನ ವಿಷಯದಲ್ಲಿ ಜನರ ಉದಾಸೀನವು ಹೇಳತೀರದು. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿರುವ ದಪ್ಪ ಕಡ್ಡಿಯು ಅಲಂಕಾರಕ್ಕಾಗಿ ಇರುವುದಲ್ಲ. ಒಲೆಯೊಳಗೆ ನೀರು ಹೊಕ್ಕಾಗ ಅಥವಾ ಗಾಜಿನ ಹಲಗೆಯು ಬಿರಿದಾಗ, ಮೈಮೇಲೆ ಬರುವ ವಿದ್ಯುತ್ತನ್ನು ನೆಲಕ್ಕೆ ಒಯ್ಯುವ ದಾರಿಯೇ ಅದು. ಆ ದಾರಿಯು ಇಲ್ಲದಿದ್ದರೆ ವಿದ್ಯುತ್ತು ಬರಿಗಾಲಿನಲ್ಲಿ, ಆಗತಾನೆ ಸಾರಿಸಿದ ಒದ್ದೆ ನೆಲದ ಮೇಲೆ ನಿಂತು ಪಾತ್ರೆಯನ್ನು ಮುಟ್ಟಿದ ಹೆಂಗಸಿನ ಮೈಯಿಂದ ನೆಲಕ್ಕೆ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತುಗಳಿದ್ದರೂ ಮೂರನೆಯದರ ಹಿಂದೆ ತಂತಿಯೇ ಇರುವುದಿಲ್ಲ. ಇದಲ್ಲದೆ ಮೀಟರಿನ ಬಳಿ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಹಾಕಿಸುವುದು ಅವಶ್ಯ. ವಿದ್ಯುತ್ತು ದಾರಿತಪ್ಪಿ 30 ಮಿಲಿಆಂಪಿಯರಿನಷ್ಟು ಸೋರಿದೊಡನೆ ಅದು ಕ್ಷಣಾರ್ಧದಲ್ಲಿ ಮನೆಯ ವಿದ್ಯುತ್ತನ್ನು ಕಡಿದುಹಾಕುತ್ತದೆ. ಒಲೆಗೆ ಹಣವಿದ್ದು ಇದಕ್ಕೆ ಇಲ್ಲವೆನ್ನುವವರು ಒಲೆಯನ್ನೇ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಿ.

ಮನೆಯ ಮಾತು ಹೀಗಾದರೆ, ಊರಿನ ಮಾತು ಟಿ.ಸಿ.ಯದು. 25 ಕೆ.ವಿ.ಎ. ಟಿ.ಸಿ.ಯಿಂದ ದೀಪ ಪಡೆಯುವ ಕೇರಿಯಲ್ಲಿ ಸಂಜೆ ಏಳು ಗಂಟೆಗೆ 2000 ವ್ಯಾಟಿನ ಹನ್ನೆರಡು ಒಲೆಗಳು ಪೂರ್ಣಶಕ್ತಿಯಲ್ಲಿ ನಡೆದರೆ ಅದರ ಸಾಮರ್ಥ್ಯವು ಅಲ್ಲಿಗೇ ತೀರಿತು. ದೀಪಕ್ಕೂ ಹಿಟ್ಟಿನ ಗಿರಣಿಗೂ ಉಳಿಯುವುದು ಏನೂ ಇಲ್ಲ. ಮೊದಲು ವೋಲ್ಟೇಜು ಕುಸಿಯುತ್ತದೆ, ಒಲೆಗಳು ತಾವೇ ನಿಲ್ಲುತ್ತವೆ. ಭಾರವು ಹೀಗೆಯೇ ಮುಂದುವರಿದರೆ ಟಿ.ಸಿ. ಸುಡುತ್ತದೆ. ಪಂಪುಗಳಿಗೆ ಪ್ರತ್ಯೇಕ ಮಾರ್ಗವಿಲ್ಲದ ಊರಾದರೆ ಒಲೆಯಿಂದ ಕೆಟ್ಟ ಟಿ.ಸಿ.ಗೆ ಬೆಳೆಯೂ ಬಲಿಯಾಗುವುದು. ಆದ್ದರಿಂದ ಸಂಘದ ಹಣದಲ್ಲಾಗಲಿ ಸ್ವಂತ ಹಣದಲ್ಲಾಗಲಿ ಹತ್ತಿಪ್ಪತ್ತು ಒಲೆಗಳನ್ನು ಒಮ್ಮೆಗೇ ಹಂಚಬೇಕೆಂದಿರುವ ಮುಖಂಡರು, ಹಂಚುವುದಕ್ಕೆ ಮುಂಚೆ ಆಯಾ ಕೇರಿಯ ಟಿ.ಸಿ. ಎಷ್ಟರದು, ಅದರ ಮೇಲೆ ಈಗಾಗಲೇ ಎಷ್ಟು ಮನೆಗಳಿವೆ ಎಂಬುದನ್ನು ಸೆಕ್ಷನ್ ಕಚೇರಿಯಲ್ಲಿ ವಿಚಾರಿಸಿ, ಬೇಕಾದರೆ ಹೆಚ್ಚಿನ ಸಾಮರ್ಥ್ಯದ ಟಿ.ಸಿ.ಗೆ ಪಂಚಾಯಿತಿಯ ಮೂಲಕ ಬರಹದಲ್ಲಿ ಕೇಳಿಕೊಳ್ಳುವುದು ಕರ್ತವ್ಯ. ಒಲೆ ಹಂಚುವ ದಿವಸ ಹಾರ ತುರಾಯಿಗಳು ದೊರೆಯುತ್ತವೆ, ಟಿ.ಸಿ.ಗಾಗಿ ಅಲೆಯುವ ದಿವಸ ದೊರೆಯುವುದಿಲ್ಲ; ಬಹುಶಃ ಈ ಕೆಲಸವು ಹಿಂದೆ ಬೀಳುವುದಕ್ಕೆ ಇದೂ ಒಂದು ಕಾರಣ.

2023ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯನ್ನು ನಂಬಿ, ಒಲೆಯ ವಿದ್ಯುತ್ತೆಲ್ಲವೂ ಉಚಿತವೆಂದು ತಿಳಿದವರು ಅನೇಕರಿದ್ದಾರೆ. ಆ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟೆಂಬುದು ಮೇಲಿನ ಮಿತಿ. ಆಯಾ ಮನೆಗೆ ದೊರೆಯುವುದು ಅದರ ಹಿಂದಿನ ಸರಾಸರಿ ಬಳಕೆಯೂ ಅದರ ಮೇಲೆ ಸ್ವಲ್ಪ ಹೆಚ್ಚಳವೂ ಮಾತ್ರ. 1500 ವ್ಯಾಟಿನಲ್ಲಿ ದಿನಕ್ಕೆ ಒಂದೂವರೆ ಗಂಟೆ ಅಡಿಗೆ ಮಾಡಿದರೆ ತಿಂಗಳಿಗೆ ಸುಮಾರು 67 ಯೂನಿಟ್ಟುಗಳಾಗುತ್ತವೆ. ಹಿಂದೆ 40 ಯೂನಿಟ್ಟು ಸುಡುತ್ತಿದ್ದ ಬಡವನ ಮನೆಗೆ ಈ ಹೆಚ್ಚಳದ ಬಹುಭಾಗಕ್ಕೆ ಬಿಲ್ಲು ಬಂದೇ ಬರುವುದು. ಇದನ್ನು ಮೊದಲೇ ತಿಳಿಸದೆ ಒಲೆಯನ್ನು ಕೊಡುವುದು ಉಪಕಾರವಾಗಲಾರದು.

ಒಲೆಯು ಮನೆಗೆ ಬಂದ ಮೇಲೆ ಕಲಿಯಬೇಕಾದುದು ಬಹಳವಿಲ್ಲ. ಆದರೆ ಹಳೆಯ ಕೈಯಭ್ಯಾಸಗಳು ಕೆಲವನ್ನು ಬಿಡಬೇಕು. ಸೌದೆ ಒಲೆಯ ಮೇಲೆ ಒಗ್ಗರಣೆಗೆ ಎಣ್ಣೆಯಿಟ್ಟು, ಹಿತ್ತಲಿಗೆ ಹೋಗಿ ಕರಿಬೇವು ಕಿತ್ತು ತರುವಷ್ಟು ವ್ಯವಧಾನವಿರುತ್ತದೆ. ಇಲ್ಲಿ ಹಾಗಲ್ಲ, ಪೂರ್ಣಶಕ್ತಿಯಲ್ಲಿ ತೆಳು ತಳದ ಬಾಣಲೆಯ ಎಣ್ಣೆಯು ನೋಡುನೋಡುತ್ತಲೇ ಹೊಗೆಯಾಡಿ ಹೊತ್ತಿಕೊಳ್ಳಬಹುದು. ಒಗ್ಗರಣೆಯನ್ನು ಸಣ್ಣ ಶಕ್ತಿಯಲ್ಲಿ, ಸಾಮಾನುಗಳನ್ನೆಲ್ಲ ಕೈಗೆಟುಕುವಂತೆ ಇಟ್ಟುಕೊಂಡ ಮೇಲೆಯೇ ಮಾಡಬೇಕು. ರಾಗಿಮುದ್ದೆಯ ಹಿಟ್ಟನ್ನು ಒಲೆಯ ಮೇಲಿಟ್ಟು ಕೋಲಿನಿಂದ ತೊಳಸತಕ್ಕದ್ದಲ್ಲ. ಆ ಬಲಕ್ಕೆ ಗಾಜು ತಡೆಯದು. ಹಿಟ್ಟು ಬೆಂದೊಡನೆ ಪಾತ್ರೆಯನ್ನು ನೆಲಕ್ಕಿಳಿಸಿ ತೊಳಸುವುದು ಸರಿಯಾದ ಕ್ರಮ. ಬಿರುಕುಬಿಟ್ಟ ಹಲಗೆಯ ಒಲೆಯನ್ನು ಆ ಕ್ಷಣವೇ ನಿಲ್ಲಿಸಿಬಿಡಬೇಕು. ಪಾತ್ರೆಯ ಬಿಸಿಯಿಂದ ಗಾಜೂ ಸುಡುವುದರಿಂದ, ಬೆಂಕಿ ಕಾಣದೆಂದು ಮಗುವನ್ನು ಬಳಿಗೆ ಬಿಡಬಾರದು. ಒಲೆಯನ್ನು ನೆಲದ ಮೇಲಿಡದೆ ಸೊಂಟದ ಎತ್ತರದ ಕಲ್ಲಿನ ಮೇಲೆ, ಗೋಡೆಯಿಂದ ಒಂದು ಗೇಣು ಈಚೆಗೆ ಇಡತಕ್ಕದ್ದು. ಗಾಳಿಕಿಂಡಿಗಳು ಮುಚ್ಚಿದರೆ ಯಂತ್ರವು ಕಾದು ಕೆಡುತ್ತದೆ. ಅಡಿಗೆ ಮುಗಿದೊಡನೆ ಪ್ಲಗ್ಗನ್ನು ಕೀಳದೆ ಒಳಗಿನ ಫ್ಯಾನು ತಾನಾಗಿ ನಿಲ್ಲುವವರೆಗೆ ಬಿಡಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡಿರುವವರು ವೈದ್ಯರನ್ನು ಕೇಳದೆ ಈ ಒಲೆಯ ಬಳಿ ನಿಲ್ಲಬಾರದು.

ಹೊಸ ಒಲೆ ಬಂದಿತೆಂದು ಹಳೆಯದನ್ನು ಕೆಡವಬೇಕಾದುದಿಲ್ಲ. ಸ್ನಾನದ ನೀರಿಗೆ ತಾಮ್ರದ ಹಂಡೆಯೂ, ಕೆಂಡದ ಮೇಲೆ ಉಬ್ಬಬೇಕಾದ ಜೋಳದ ರೊಟ್ಟಿಯೂ ಬೆಂಕಿಯನ್ನೇ ಬಯಸುತ್ತವೆ. ಮಳೆಗಾಲದಲ್ಲಿ ಕಂಬ ಬಿದ್ದು ಮೂರು ದಿವಸ ವಿದ್ಯುತ್ತಿಲ್ಲದಿದ್ದರೆ ಎಲ್ಲವೂ ಬಯಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಂತೆ ಹೊಗೆಯನ್ನು ಕೊಳವೆಯಿಂದ ಹೊರಕ್ಕೆ ಕಳುಹಿಸುವ ಸೌದೆ ಒಲೆಯೊಂದು ಜೊತೆಗಿರುವುದು ಹಿತವೇ.

ಜಮೀನುದಾರರು ತಮ್ಮ ಮನೆಯನ್ನು ಸರಿಪಡಿಸಿಕೊಂಡು ಸುಮ್ಮನಾಗದೆ, ತೋಟದ ಆಳುಗಳ ಮನೆಗಳ ತಂತಿಯನ್ನೂ ನೋಡಬೇಕು. ಪಂಪುಮನೆಯಿಂದ ಮರದ ಕೊಂಬೆಗಳ ಮೇಲೆ ತಂತಿಯನ್ನೆಳೆದು ಆಳಿನ ಮನೆಗೆ ದೀಪ ಕೊಟ್ಟಿರುವ ತೋಟಗಳು ಇವೆ. ಆ ತಂತಿಗೆ ನಾಳೆ ಒಲೆಯು ಸೇರಿದರೆ, ಆಗುವ ಅನರ್ಥಕ್ಕೆ ತಂತಿಯನ್ನೆಳೆಸಿದವನೇ ಹೊಣೆ. ಅಲ್ಲಿಗೆ ಕ್ರಮವಾದ ಮೀಟರನ್ನೂ ಅರ್ಥಿಂಗನ್ನೂ ಮಾಡಿಸಿಕೊಡಲು ಬರುವ ಖರ್ಚು ಒಂದು ಬೆಳೆಯ ಗೊಬ್ಬರದ ಖರ್ಚಿಗೆ ಹೋಲಿಸಿದರೆ ದೊಡ್ಡದಲ್ಲ.

ಅರ್ಥಿಂಗು ಇರುವ ಮನೆಗಳಲ್ಲಿಯೂ ಬೇಸಗೆಯಲ್ಲಿ ನೆಲವು ಒಣಗಿದಾಗ ಅದರ ಶಕ್ತಿಯು ಕುಂದುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಯಲ್ಲಿ ಕೊಳವೆಯನ್ನು ಹೂಳಿ, ಮೇಲೆ ನೀರೆರೆಯಲು ಬಾಯಿಯನ್ನು ಬಿಟ್ಟಿರುವುದು ಇದಕ್ಕಾಗಿಯೇ. ಅಂಗಳಕ್ಕೆ ಸಿಮೆಂಟು ಹಾಕಿಸುವಾಗ ಅನೇಕರು ಆ ಬಾಯಿಯನ್ನೂ ಮುಚ್ಚಿಸಿಬಿಟ್ಟಿದ್ದಾರೆ. ಅದನ್ನು ಹುಡುಕಿ ತೆರೆಯಿಸಿ, ಮಾಘಮಾಸದಿಂದ ಮುಂಗಾರು ಹಿಡಿಯುವವರೆಗೆ ವಾರಕ್ಕೆ ಎರಡು ಸಾರಿ ಒಂದೊಂದು ಕೊಡ ನೀರು ಹೊಯ್ಯಿಸತಕ್ಕದ್ದು.